ಗೋಡೆಯ ಮೇಲಿನ ನಕಾಶೆ

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನಮ್ಮ ಕಚೇರಿಯ ಗೋಡೆಗೆ ಹಳೆಯ ಬೆಂಗಳೂರಿನ ನಕಾಶೆಯೊಂದನ್ನು ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಮೂರು ವರ್ಷ ಅದನ್ನು ಬರೀ ಚಂದದ ಚಿತ್ರವೆಂದೇ ನೋಡಿದೆ. ಒಂದು ದಿನ ಹತ್ತಿರ ನಿಂತು ಓದಿದೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಬೆಂಗಳೂರು ಕೋಟೆಯನ್ನು ಹಿಡಿದಾಗ ಕ್ಲಾಡ್ ಮಾರ್ಟಿನ್ ತಯಾರಿಸಿದ ಯುದ್ಧದ ನಕಾಶೆ ಅದು. ದಕ್ಷಿಣಕ್ಕೆ ಕೋಟೆ, ಉತ್ತರಕ್ಕೆ ಪೇಟೆ, ಪೇಟೆಯ ಸುತ್ತ ಕಂದಕ ಮತ್ತು ಮುಳ್ಳಿನ ಬೇಲಿ. ಊರು ಅಲ್ಲಿಗೇ ಮುಗಿದಿತ್ತು! ನಾನಿರುವ ಬಡಾವಣೆಯ ಸುಳಿವೂ ಅದರಲ್ಲಿಲ್ಲ.

ನಮ್ಮ ಕಲಬುರಗಿಯನ್ನೂ ಹೀಗೆ ಓದಬಹುದು. ಪಶ್ಚಿಮಕ್ಕೆ ಕೋಟೆ, 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ಇದೇ ರಾಜಧಾನಿ. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಈಶಾನ್ಯಕ್ಕೆ ಬಂದೇನವಾಜರ ದರ್ಗಾ, ಊರ ನಡುವೆ ಶರಣಬಸವೇಶ್ವರರ ಗುಡಿ. ಮುಂಬಯಿ–ಮದ್ರಾಸು ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಮಾರ್ಗದ ಸ್ಟೇಶನ್ನು ಕೋಟೆಯ ದಕ್ಷಿಣಕ್ಕೆ ಬಂದಿತು. ಊರೂ ಅತ್ತ ಬೆಳೆಯಿತು. 1980ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಸೇಡಂ ರಸ್ತೆಯ ಕಡೆಗೂ ನಗರ ಚಾಚಿತು. ಹಳೆಯ ನಕಾಶೆಗಳಲ್ಲಿ 'ಗುಲ್ಬರ್ಗಾ' ಎಂದಿರುತ್ತದೆ. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಒಂದು ಎಚ್ಚರಿಕೆ: ನಕಾಶೆ ಮುದ್ರಿಸಿದ ವರ್ಷ ಬೇರೆ, ಅಳತೆ ಮಾಡಿದ ವರ್ಷ ಬೇರೆ. ನಂಬಬೇಕಾದದ್ದು ಅಳತೆಯ ವರ್ಷವನ್ನು.

ಕಮಲಾಪುರದ ಅಂದದ ಚಿತ್ರನಕಾಶೆಯನ್ನು ಯಾರೂ ಮಾರುವುದಿಲ್ಲ. ಸರ್ವೆ ಆಫ್ ಇಂಡಿಯಾದ 56 ಸಿ ಹಾಳೆಗಳಲ್ಲಿ ಕಲಬುರಗಿಯೂ ಇದೆ, ನಾವೂ ಇದ್ದೇವೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಂತೂ ಹೊಲದ ಸರ್ವೆ ನಂಬರುಗಳ ಜೊತೆಗೆ ಹಳ್ಳ, ಬಂಡಿದಾರಿಗಳೂ ಇವೆ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅದರ ಪ್ರತಿಯನ್ನು ಅಪ್ಪನ ಮುಂದೆ ಹರಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ಒಂದು ಚುಕ್ಕಿಗೆರೆಯ ಮೇಲೆ ಬೆರಳಿಟ್ಟರು. "ಇದೇ ದಾರಿ ನೋಡು. ನಾ ಇದೇ ದಾರೀಲಿಂದ ಸಾಲಿಗಿ ಹೋಗ್ತಿದ್ದೆ. ಈಗ ಎಲ್ಲದ?" ಅಲ್ಲಿ ಈಗ ಮನೆಗಳಿವೆ.

ಆ ಗೆರೆಯನ್ನು ಇಲಾಖೆ ಉಳಿಸಿದೆ. ಆದರೆ ಅದು ಶಾಲೆಯ ದಾರಿಯೆಂದು ಹೇಳಬಲ್ಲವರು ಅಪ್ಪನ ವಯಸ್ಸಿನವರು ಮಾತ್ರ. ಅವರು ಇರುವಾಗಲೇ ಕೇಳಿಕೊಳ್ಳಬೇಕು.

ಆದ್ದರಿಂದ ಗುರುಗಳಲ್ಲಿ ನನ್ನದೊಂದು ವಿನಂತಿ. ಈ ಸುವರ್ಣ ಮಹೋತ್ಸವದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳು ಹಿರಿಯರನ್ನು ಕರೆದುಕೊಂಡು ಊರು ಸುತ್ತಲಿ. ಬಾವಿ, ಹಳ್ಳ, ಕೆಂಪು ಬಾಳೆಯ ತೋಟ, ಮುಚ್ಚಿಹೋದ ದಾರಿ ಎಲ್ಲವನ್ನೂ ಹೆಸರು ಸಮೇತ ಗುರುತಿಸಿ ನಕಾಶೆ ಬರೆಯಲಿ. ಅದನ್ನು ಮುದ್ರಿಸಿ, ಕಟ್ಟು ಹಾಕಿಸಿ ಶಾಲೆಯ ಗೋಡೆಗೆ ಹಾಕುವ ಖರ್ಚು ನನ್ನದು. ಮೂಲೆಯಲ್ಲಿ ವರ್ಷ ಬರೆಯುವುದನ್ನು ಮಾತ್ರ ಮಕ್ಕಳು ಮರೆಯಬಾರದು.