ಆತಕೂರಿನ ಕಲ್ಲು

ಪ್ರವಾಸದಲ್ಲಿ ಶಿಲ್ಪವೆಂದರೆ ಬೇಲೂರು, ಹಳೇಬೀಡುಗಳನ್ನು ನೆನೆಯುವುದು ನಮ್ಮ ವಾಡಿಕೆ. ರಾಜಾಜಿನಗರ, ವಿಜಯನಗರಗಳ ಕಡೆಯ ನಾವು ಕೆಂಗೇರಿಯನ್ನು ದಾಟಿ ಮೈಸೂರಿನ ಹಾದಿ ಹಿಡಿದಾಗಲೂ ಮನಸ್ಸು ದೂರದ ಗುಡಿಗಳ ಮೇಲೆಯೇ ಇರುತ್ತದೆ. ಆದರೆ ಊರ ಮುಂದೆ, ಕೆರೆಯ ಏರಿಯ ಬಳಿ ಬಿಸಿಲುಮಳೆಗೆ ಮೈಯೊಡ್ಡಿ ನಿಂತ ವೀರಗಲ್ಲುಗಳೂ ಶಿಲ್ಪಗಳೇ ಅಲ್ಲವೆ? ಹೋಗಿ ಬರುವವರ ಕಣ್ಣಿಗೆ ಬೀಳಲೆಂದೇ ಅವನ್ನು ಬಯಲಿನಲ್ಲಿ ನಿಲ್ಲಿಸಿದರು.

ಈ ಹಾದಿ ಹಾಯ್ದುಹೋಗುವ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಹಳ್ಳಿಯಿದೆ. ಕ್ರಿ.ಶ. 949-50ರ ಸುಮಾರಿಗೆ ಅಲ್ಲೊಂದು ಕಲ್ಲು ನಿಂತಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೆ ಬೆಂಬಲವಾಗಿ ಗಂಗರ ಇಮ್ಮಡಿ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಕಾಲವದು. ತನ್ನ ಭಟ ಮಣಲೆರನ ಶೌರ್ಯಕ್ಕೆ ಮೆಚ್ಚಿದ ಬೂತುಗನು, ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೆರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ಶಾಸನ ಎಚ್ಚರಿಸುತ್ತದೆ.

ರಾಜಾದಿತ್ಯನ ಮರಣದಂಥ ದೊಡ್ಡ ಸಂಗತಿ ನಮಗೆ ತಿಳಿದಿರುವುದು ಒಂದು ನಾಯಿಯ ಕಲ್ಲಿನಿಂದಲೂ ಹೌದೆಂಬುದು ನನಗೆ ಎಂದಿಗೂ ಸೋಜಿಗವೇ. ಕಲ್ಲಿನಲ್ಲಿ ಕಂಡರಿಸಿರುವುದು ಚಕ್ರವರ್ತಿಯನ್ನಲ್ಲ. ಹಂದಿಯೊಡನೆ ಸೆಣಸುವ ಕಾಳಿಯನ್ನು.

ಈ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿತು. 1865ರಲ್ಲಿ ವೈದ್ಯಾಧಿಕಾರಿ ಎಡ್ವರ್ಡ್ ಬಾಲ್ಫರನ ಪ್ರಯತ್ನದಿಂದ ಹುಟ್ಟಿದ ಸಂಸ್ಥೆಯದು. ಅಲ್ಲಿ ಅಕ್ಷರಗಳಿಗೆ ರಕ್ಷಣೆ ದೊರೆಯಿತು, ನಿಜ. ಆದರೆ ಗುಡಿಯ ಅಂಗಳ, ಪೂಜೆಗೆಂದು ಬಿಟ್ಟ ಹೊಲ, ಕಾಳಿ ಬಿದ್ದ ಗುಡ್ಡ, ಇವನ್ನು ಯಾವ ಸಂಗ್ರಹಾಲಯ ತಾನೇ ತರಬಲ್ಲದು? ಅವು ಆ ಸೀಮೆಯಲ್ಲೇ ಉಳಿದವು.

ಆದ್ದರಿಂದ ರಸಿಕನಾದ ಪ್ರವಾಸಿಗೆ ನನ್ನ ಬಿನ್ನಹ ಇಷ್ಟೆ. ಸಂಗ್ರಹಾಲಯದಲ್ಲಿ ಶಿಲ್ಪವನ್ನು ಕಂಡಾಗ ಅದರ ಊರಿನ ಹೆಸರನ್ನು ಗುರುತು ಹಾಕಿಕೊಳ್ಳಿ. ಒಂದು ದಿನ ಆ ಊರಿಗೂ ಹೋಗಿ ಬನ್ನಿ. ಊರಿನ ಬಯಲಿನಲ್ಲಿ ವೀರಗಲ್ಲು ಕಂಡರೆ ಅರೆಗಳಿಗೆ ನಿಲ್ಲಿ. ಅಂದು ಗೊರವನಿಗೆ ವಹಿಸಿದ್ದ ಕೆಲಸದಲ್ಲಿ ನೋಡಿ ನೆನೆಯುವ ಪಾಲು ಇಂದು ನಮ್ಮದು.