ಎದುರಾಳಿಯ ಸಾಕ್ಷ್ಯ

ಬದುಕಿ ಬಂದ ಯೋಧನು ಆತ್ಮಕಥೆ ಬರೆದಾನು. ಬಾರದವನ ಕಥೆಯನ್ನು ಬರೆಯುವವರಾರು? ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗೆ ಸಾಕ್ಷಿಯಾದುದು ಎದುರಾಳಿಯ ಪಕ್ಷವೇ.

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ಮಿಸ್ಟೇರ್ ವಿಮಾನಗಳು ದಾಳಿಯಿಟ್ಟವು. ಮೀಸಲಿನಲ್ಲಿದ್ದ ದೇವಯ್ಯನವರೂ ಜೊತೆಗೂಡಿದರು. ಮರಳುವಾಗ ಅಮ್ಜದ್ ಹುಸೇನರ ಸ್ಟಾರ್‌ಫೈಟರ್ ಬೆನ್ನಟ್ಟಿತು. ಶಬ್ದದ ಇಮ್ಮಡಿ ವೇಗದ ಆ ವಿಮಾನಕ್ಕೆ ಮಿಸ್ಟೇರ್ ಸಾಟಿಯಲ್ಲ. ಆದರೂ ಪೆಟ್ಟು ತಿಂದ ವಿಮಾನದಲ್ಲಿಯೇ ದೇವಯ್ಯನವರು ತಿರುಗಿಬಿದ್ದು ಅದನ್ನು ಉರುಳಿಸಿದರು. ಅಮ್ಜದ್ ಪ್ಯಾರಾಶೂಟಿನಲ್ಲಿಳಿದು ಉಳಿದರು, ದೇವಯ್ಯನವರು ಮರಳಲಿಲ್ಲ. ಆ ಕಾಳಗವನ್ನು ಸಂಗಡಿಗರಾರೂ ಕಂಡಿರಲಿಲ್ಲ.

1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಯುದ್ಧವನ್ನು ಕುರಿತು ಬರೆದ ಗ್ರಂಥದಿಂದ ಸಂಗತಿ ಹೊರಬಿದ್ದಿತು. ಮಹಾವೀರ ಚಕ್ರ ಸಂದುದು 1988ರಲ್ಲಿ, 23 ವರ್ಷಗಳ ಮೇಲೆ. ನಮ್ಮ ವೀರರ ಚರಿತ್ರೆಯನ್ನು ಬರೆಯುವವರು ಹಗೆಯ ಕಡತವನ್ನೂ ಓದಬೇಕಾಗುತ್ತದೆ.