ತಟ್ಟೆಯ ಕೆಳಗಿನ ಬಿಲ್ಲೆ

ಕುಂಬಾರಿಕೆಯಲ್ಲಿ ಗಡಿಗೆಗಿಂತ ತಟ್ಟೆ ಮಾಡುವುದು ಸುಲಭ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ವಾಸ್ತವ ಬೇರೆ. ಗಡಿಗೆಯ ಮೈ ಬಾಗಿರುತ್ತದೆ. ಆ ಬಾಗೇ ಅದಕ್ಕೆ ಬಲ. ತಟ್ಟೆಯಾದರೋ ಅಗಲ, ತೆಳು, ಚಪ್ಪಟೆ. ಹಸಿಯಾಗಿರುವಾಗ ಎತ್ತಿದರೆ ಅಂಚು ಜೋತುಬೀಳುತ್ತದೆ. ಕೈಯಿಂದ ತಿದ್ದಿ ಮಟ್ಟ ಮಾಡಿದರೂ ಒಣಗುವಾಗ ಅಥವಾ ಸುಡುವಾಗ ಮತ್ತೆ ಸೊಟ್ಟಗಾಗಬಹುದು. ಜೇಡಿಮಣ್ಣಿನ ಕಣಗಳು ಸೂಕ್ಷ್ಮವಾದ ಚಪ್ಪಟೆ ಹಾಳೆಗಳಂತಿದ್ದು, ಒಮ್ಮೆ ಬಾಗಿದಾಗ ಅವುಗಳ ಜೋಡಣೆ ಬದಲಾಗುವುದೇ ಇದಕ್ಕೆ ಮುಖ್ಯ ಕಾರಣ.

ಇದಕ್ಕೊಂದು ಉಪಾಯವಿದೆ. ತಟ್ಟೆಯನ್ನು ಎತ್ತುವ ಬದಲು ಅದು ಕುಳಿತಿರುವ ನೆಲವನ್ನೇ ಎತ್ತುವುದು! ತಿಗರಿಯ ತಲೆಯ ಮೇಲೆ ತೆಗೆದಿಡಬಹುದಾದ ಒಂದು ಬಿಲ್ಲೆಯನ್ನು ಕೂರಿಸಿ, ಅದರ ಮೇಲೆ ತಟ್ಟೆ ಮಾಡಿ, ಬಿಲ್ಲೆಯ ಸಮೇತ ಒಣಗಲು ಇಡುವುದು. ಇಂಗ್ಲಿಷಿನಲ್ಲಿ ಈ ಬಿಲ್ಲೆಯ ಹೆಸರು ‘ಬ್ಯಾಟ್’. ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಸುಲಭವಾಗಿ ತೆಗೆಯಬಹುದಾದ ಈ ಬಿಲ್ಲೆ, ತಿಗರಿ ತಿರುಗುವಾಗ ಮಾತ್ರ ಕದಲಬಾರದು. ಈ ಎರಡು ಬೇಡಿಕೆಗಳು ಪರಸ್ಪರ ವಿರುದ್ಧ. ಬಿಲ್ಲೆಯ ಚರಿತ್ರೆ ಎಂದರೆ ಇವೆರಡನ್ನೂ ಹೊಂದಿಸಿದ ಚರಿತ್ರೆ.

ಬಿಲ್ಲೆ ಬೇಡದ ತಿಗರಿ

ನಮ್ಮ ಕುಂಬಾರರ ಸಾಂಪ್ರದಾಯಿಕ ತಿಗರಿಗೆ ಬಿಲ್ಲೆಯ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಕೋಲಿನಿಂದ ತಿರುಗಿಸಿಬಿಟ್ಟ ಭಾರವಾದ ಚಕ್ರ ತನ್ನ ಜಡತ್ವದಿಂದಲೇ ಬಹಳ ಹೊತ್ತು ಸುತ್ತುತ್ತದೆ. ನಡುವೆ ದೊಡ್ಡ ಮಣ್ಣಿನ ಮುದ್ದೆ. ಅದರ ತುದಿಯಲ್ಲಿ ಹಣತೆಯನ್ನೋ ಕುಡಿಕೆಯನ್ನೋ ರೂಪಿಸಿ, ದಾರದಿಂದ ಕತ್ತರಿಸಿ ಎತ್ತಿ, ಉಳಿದ ಮುದ್ದೆಯಲ್ಲಿ ಮುಂದಿನದನ್ನು ಮಾಡುತ್ತಾರೆ. ದೊಡ್ಡ ಗಡಿಗೆಯಾದರೆ ತಿಗರಿಯಿಂದ ಇಳಿಸಿದ ಮೇಲೆ ಒಳಗೆ ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಹಿಗ್ಗಿಸುತ್ತಾರೆ. ಊಟಕ್ಕೆ ಬಾಳೆ ಎಲೆ, ಮುತ್ತುಗದ ಎಲೆ, ಲೋಹದ ತಟ್ಟೆಗಳಿದ್ದ ಸಮಾಜದಲ್ಲಿ ಮಣ್ಣಿನ ಊಟದ ತಟ್ಟೆಗೆ ದೊಡ್ಡ ಬೇಡಿಕೆಯೂ ಇರಲಿಲ್ಲ.

ತಿರುಗುವ ಬಿಲ್ಲೆಯ ಕಲ್ಪನೆ ಮಾತ್ರ ಬಹಳ ಹಳೆಯದು. ಕ್ರೀಟ್ ದ್ವೀಪದ ಮಿರ್ಟೋಸ್ ಬಳಿ 1967–68ರಲ್ಲಿ ಪೀಟರ್ ವಾರೆನ್ ನಡೆಸಿದ ಉತ್ಖನನದಲ್ಲಿ, ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸೇರಿದ ಕುಂಬಾರರ ಬಿಲ್ಲೆಗಳು ಹಲವು ದೊರೆತವು. ಅವು ಸುಟ್ಟ ಮಣ್ಣಿನವು. ಒಂದೇ ನೆಲೆಯಲ್ಲಿ ಹಲವು ಬಿಲ್ಲೆಗಳಿದ್ದರೆ ಒಂದು ಪಾತ್ರೆ ತನ್ನ ಬಿಲ್ಲೆಯ ಮೇಲೆ ಒಣಗುತ್ತಿರುವಾಗಲೇ ಇನ್ನೊಂದನ್ನು ಆರಂಭಿಸಬಹುದು.

ಮಣ್ಣಿನ ಉಂಗುರದ ಗಣಿತ

ಬಿಲ್ಲೆಯನ್ನು ಕೂರಿಸುವ ಅತಿ ಸರಳ ವಿಧಾನಕ್ಕೆ ಬೇಕಾದದ್ದು ಮಣ್ಣೇ. ತಿಗರಿಯ ತಲೆಯ ಮೇಲೆ ಮಣ್ಣನ್ನು ತೆಳುವಾಗಿ ಹರಡಿ, ಬೆರಳಿನಿಂದ ವೃತ್ತಾಕಾರದ ಗೆರೆಗಳನ್ನು ಕೊರೆದು, ತುಸು ಒದ್ದೆ ಮಾಡಿದ ಬಿಲ್ಲೆಯನ್ನು ಅದರ ಮೇಲೆ ಗುದ್ದಿ ಕೂರಿಸುತ್ತಾರೆ. ಅನುಭವಿಗಳು ನಡುವಿನ ಮಣ್ಣನ್ನು ತೆಗೆದು ಹೊರಗಿನ ಉಂಗುರವನ್ನಷ್ಟೇ ಉಳಿಸುವುದೂ ಉಂಟು. ಇದು ಸರಿಯೆ?

ತಟ್ಟೆಯ ಅಂಚನ್ನು ಒತ್ತುವಾಗ ಕುಂಬಾರನ ಕೈ ಬಿಲ್ಲೆಯನ್ನು ಹಿಂದಕ್ಕೆ ತಡೆಯುತ್ತದೆ. ಈ ತಡೆಯುವ ಬಲ 20 ನ್ಯೂಟನ್ ಎಂದುಕೊಳ್ಳೋಣ. ಕೇಂದ್ರದಿಂದ 5 ಸೆಂ.ಮೀ. ದೂರದಲ್ಲಿ ಅದರ ತಿರುಚುಬಲ 1 ನ್ಯೂಟನ್-ಮೀಟರ್. 15 ಸೆಂ.ಮೀ. ದೂರದಲ್ಲಿ ಅದೇ ಒತ್ತಡಕ್ಕೆ 3 ನ್ಯೂಟನ್-ಮೀಟರ್. ಲೋಟ ಮಾಡುವಾಗ ಕದಲದ ಬಿಲ್ಲೆ ತಟ್ಟೆ ಮಾಡುವಾಗ ಜಾರುವುದು ಇದರಿಂದಲೇ.

ಇದನ್ನು ಎದುರಿಸುವ ಅಂಟಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಂಟು ಎಲ್ಲೆಡೆ ಒಂದೇ ಸಮನಾಗಿದ್ದರೆ ಬಿಲ್ಲೆಯ ಹಿಡಿತ ಅಂಟಿನ ತ್ರಿಜ್ಯದ ಘನಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ತ್ರಿಜ್ಯದ ಒಳಗಿನ ಅರ್ಧಭಾಗ ಕೊಡುವ ಹಿಡಿತ ಒಟ್ಟಿನ ಎಂಟನೆಯ ಒಂದು ಪಾಲು ಮಾತ್ರ. ಹೊರಗಿನ ಉಂಗುರವೇ ಎಂಟರಲ್ಲಿ ಏಳು ಪಾಲು ಕೆಲಸ ಮಾಡುತ್ತದೆ! ಕಲನಶಾಸ್ತ್ರ ಅರಿಯದ ಕೈಗಳಿಗೆ ಈ ಲೆಕ್ಕ ಗೊತ್ತಿತ್ತು.

ಬಟ್ಟಲೊಳಗಿನ ಅಚ್ಚು

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ 18ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚುಗಳು ಬಳಕೆಗೆ ಬಂದಿದ್ದವು. ಇದರಿಂದ ಬಿಲ್ಲೆಗೆ ಹೊಸ ರೂಪ ಬಂತು. ತಟ್ಟೆಯ ಊಟದ ಬದಿಯ ಆಕಾರವನ್ನು ಅಚ್ಚೇ ಕೊಡುತ್ತದೆ. ಅದರ ಮೇಲೆ ಮಣ್ಣಿನ ರೊಟ್ಟಿಯನ್ನು ಹಾಸಿ, ತಿರುಗಿಸುತ್ತ, ತಟ್ಟೆಯ ಹಿಂಬದಿಯ ಆಕಾರಕ್ಕೆ ಕತ್ತರಿಸಿದ ಅಲಗನ್ನು ಒತ್ತಿದರೆ ತಟ್ಟೆ ಬೋರಲಾಗಿ ಸಿದ್ಧವಾಗುತ್ತದೆ. ಈ ಯಂತ್ರಕ್ಕೆ ‘ಜಿಗರ್’ ಎಂದು ಹೆಸರು. ಅದರ ತಲೆಯಲ್ಲಿರುವ ಲೋಹದ ಬಟ್ಟಲಿನೊಳಗೆ ಅಚ್ಚು ಬಿಗಿಯಾಗಿ ಕೂರುತ್ತದೆ. ಮಣ್ಣಿನ ಅಂಟು ಬೇಡ. ಮೇಲಕ್ಕೆ ಎತ್ತಿದರೆ ಸಾಕು, ಅಚ್ಚು ಕೈಗೆ ಬರುತ್ತದೆ. ರಂಧ್ರಮಯವಾದ ಪ್ಲಾಸ್ಟರ್ ನೀರನ್ನು ಹೀರುತ್ತದೆ, ಮಣ್ಣು ಕುಗ್ಗುತ್ತದೆ, ತಟ್ಟೆ ತಾನೇ ಬಿಡಿಸಿಕೊಳ್ಳುತ್ತದೆ.

ಅಚ್ಚನ್ನು ಕೂರಿಸುವುದು, ತೆಗೆಯುವುದು ಕ್ಷಣದ ಕೆಲಸವಾಯಿತು. ಹಾಗಾದರೆ ತೆಗೆದ ಅಚ್ಚನ್ನು ಒಣಗಿಸುವ ಬಿಸಿಕೋಣೆಗೆ ಒಯ್ಯುವವರು ಯಾರು? ಖಾಲಿ ಅಚ್ಚನ್ನು ಮರಳಿ ತರುವವರು ಯಾರು? ಆ ಕೆಲಸ ಮಕ್ಕಳದಾಯಿತು. ಅವರನ್ನು ‘ಅಚ್ಚು ಓಡಿಸುವವರು’ ಎಂದೇ ಕರೆಯುತ್ತಿದ್ದರು. ತಣ್ಣನೆಯ ಕಾರ್ಯಾಗಾರಕ್ಕೂ ಕಾದ ಕೋಣೆಗೂ ನಡುವೆ ದಿನವಿಡೀ ಓಟ. ಬಾಲ ಕಾರ್ಮಿಕರ ಸ್ಥಿತಿಗತಿ ಕುರಿತ ಬ್ರಿಟಿಷ್ ಆಯೋಗದ 1863ರ ವರದಿಯಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬನ ಹೇಳಿಕೆ ದಾಖಲಾಗಿದೆ. ಅವನು ಕೆಲಸಕ್ಕೆ ಸೇರಿದಾಗ ವಯಸ್ಸು 7 ವರ್ಷ 10 ತಿಂಗಳು. ಬೆಳಗ್ಗೆ 6ಕ್ಕೆ ಬಂದರೆ ಬಿಡುವಾಗ ರಾತ್ರಿ ಸುಮಾರು 9 ಗಂಟೆ. ಮರುವರ್ಷ, 1864ರಲ್ಲಿ, ಕುಂಬಾರಿಕೆಯನ್ನೂ ಕಾರ್ಖಾನೆ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಬಿಲ್ಲೆಯ ಸಮಸ್ಯೆಯನ್ನು ತಂತ್ರಜ್ಞಾನ ಬಿಡಿಸಿತ್ತು. ಅದರಿಂದ ಹುಟ್ಟಿದ ಸಮಸ್ಯೆಯನ್ನು ಬಿಡಿಸಲು ಕಾನೂನು ಬೇಕಾಯಿತು.

ಎರಡು ಗೂಟಗಳು

ಇಂದು ವಿದ್ಯುತ್ ತಿಗರಿಗಳ ತಲೆಯಲ್ಲಿ ಎರಡು ರಂಧ್ರಗಳಿರುವುದು ಸಾಮಾನ್ಯ. ಅವುಗಳ ನಡುವಿನ ಅಂತರ ಹಲವು ತಯಾರಿಕೆಗಳಲ್ಲಿ 10 ಅಂಗುಲ, ಅಂದರೆ ಸುಮಾರು 25 ಸೆಂ.ಮೀ. ಅವುಗಳಲ್ಲಿ ಸಣ್ಣ ಲೋಹದ ಗೂಟಗಳನ್ನು ನಿಲ್ಲಿಸಿ, ಅದೇ ಅಂತರದಲ್ಲಿ ತೂತುಗಳಿರುವ ಬಿಲ್ಲೆಯನ್ನು ಕೂರಿಸುತ್ತಾರೆ. ನಮ್ಮ 3 ನ್ಯೂಟನ್-ಮೀಟರ್ ತಿರುಚುಬಲವನ್ನು ತಡೆಯಲು ಪ್ರತಿ ಗೂಟದ ಮೇಲೆ ಬೀಳುವ ಬಲ ಕೇವಲ 12 ನ್ಯೂಟನ್. ಆದರೆ ಬಳಸುತ್ತ ಬಳಸುತ್ತ ತೂತುಗಳು ಸವೆದು ಬಿಲ್ಲೆ ಅಲುಗತೊಡಗುತ್ತದೆ. ಆಗ ಅನೇಕರು ಏನು ಮಾಡುತ್ತಾರೆ ಗೊತ್ತೆ? ಬಿಲ್ಲೆಯ ಕೆಳಗೆ ತೆಳುವಾಗಿ ಮಣ್ಣನ್ನೇ ಹರಡುತ್ತಾರೆ!

ಶಾಲೆಯಲ್ಲಿ ಇದನ್ನು ಪರೀಕ್ಷಿಸಲು ತಿಗರಿ ಬೇಕಿಲ್ಲ. ಒಂದೇ ತೂಕದ ಚಪಾತಿ ಹಿಟ್ಟಿನ ಎರಡು ಉಂಡೆ ತೆಗೆದುಕೊಳ್ಳಿ. ಒಂದನ್ನು ತಟ್ಟೆಯ ನಡುವೆ ಚಪ್ಪಟೆ ಮಾಡಿ, ಇನ್ನೊಂದನ್ನು ಅಗಲವಾದ ಉಂಗುರವಾಗಿ ಹಚ್ಚಿ, ಎರಡರ ಮೇಲೂ ಮುಚ್ಚಳ ಒತ್ತಿ ತಿರುಚಿ ನೋಡಿ. ಯಾವುದು ಗಟ್ಟಿ ಹಿಡಿಯುತ್ತದೆಂದು ವಿದ್ಯಾರ್ಥಿಗಳ ಕೈಗಳೇ ಹೇಳುತ್ತವೆ.